ಹಿಡಿತದ ಹಲವು ಹೆಸರುಗಳು

ವ್ಯಾಪಾರಿಗೆ ತೂಕದ ಕಲ್ಲು ಹೇಗೋ ವಿಚಾರವಂತನಿಗೆ ಶಬ್ದ ಹಾಗೆ. ನಿತ್ಯ ಬಳಕೆಯ ಕಲ್ಲು ಸವೆದಿರುವುದು ಬಳಸುವವನ ಕಣ್ಣಿಗೆ ಕಾಣುವುದಿಲ್ಲ. ಬೇರೊಂದು ಕಲ್ಲಿನೊಡನೆ ತಕ್ಕಡಿಯಲ್ಲಿಟ್ಟಾಗ ಮಾತ್ರ ತಿಳಿಯುತ್ತದೆ. ಹಾಗೆಯೇ ಒಂದು ಭಾಷೆಯ ಶಬ್ದವನ್ನು ಇನ್ನೊಂದು ಭಾಷೆಯ ಶಬ್ದದೊಡನೆ ತೂಗಿ ನೋಡಿದಾಗ ಭಾಷಾಜ್ಞಾನವಷ್ಟೇ ಅಲ್ಲದೆ ಕೆಲವೊಮ್ಮೆ ಆತ್ಮಪರೀಕ್ಷೆಯೂ ನಡೆದುಹೋಗುತ್ತದೆ. ಇದಕ್ಕೆ ಒಬ್ಬ ಶ್ರಾವಕರ ಅನುಭವ ನಿದರ್ಶನವಾಗಿದೆ.

ಅವರು ಹುಬ್ಬಳ್ಳಿ ಮತ್ತು ಬೆಳಗಾವಿಗಳ ನಡುವಣ ಒಂದು ಪಟ್ಟಣದಲ್ಲಿ ಕಬ್ಬಿಣದ ಸಾಮಾನಿನ ಅಂಗಡಿ ನಡೆಸುವವರು. ವಯಸ್ಸು ಅರವತ್ತೆಂಟು. ಬಿ.ಕಾಂ. ಪದವೀಧರರು. ತಂದೆಯ ಕಾಲದ ಅಂಗಡಿ. ಮೊಳೆ, ಸ್ಕ್ರೂ, ನಟ್ಟು-ಬೋಲ್ಟು, ರಿವೆಟ್ಟು, ಚಿಲಕ, ಕೊಂಡಿ, ಸರಪಳಿ ಹೀಗೆ ಒಂದನ್ನು ಇನ್ನೊಂದಕ್ಕೆ ಹಿಡಿದಿಡುವ ವಸ್ತುಗಳದೇ ವ್ಯಾಪಾರ. ಬೆಳಿಗ್ಗೆ ಬಸದಿಯ ದರ್ಶನ, ಸೂರ್ಯಾಸ್ತಕ್ಕೆ ಮುನ್ನ ಊಟ, ರಾತ್ರಿ ಒಂದು ಗಳಿಗೆ ಸ್ವಾಧ್ಯಾಯ, ಇದು ಅವರ ದಿನಚರಿ. ಹದಿನೈದು ವರ್ಷಗಳ ಹಿಂದೆ ಪರಿಗ್ರಹ ಪರಿಮಾಣ ವ್ರತ ಸ್ವೀಕರಿಸಿದಾಗ ಒಂದು ಚಿಕ್ಕ ಪುಸ್ತಕದಲ್ಲಿ ಹೊಲ, ಮನೆ, ಬೆಳ್ಳಿ, ಬಂಗಾರ, ಧನ, ಧಾನ್ಯ, ಪಾತ್ರೆ-ಪಡಗಗಳ ಮಿತಿಯನ್ನು ಬರೆದಿಟ್ಟುಕೊಂಡರು. ಪ್ರತಿ ದೀಪಾವಳಿಯಲ್ಲಿ ಅಂಗಡಿಯ ಲೆಕ್ಕ ಮುಗಿದ ಮೇಲೆ ಆ ಪುಸ್ತಕವನ್ನೂ ತೆರೆದು, ಮಿತಿ ಮೀರಿಲ್ಲವೆಂದು ಖಚಿತಪಡಿಸಿಕೊಂಡೇ ಮಲಗುವರು.

ಇಷ್ಟರ ಜೊತೆಗೆ ಊರಿನ ಬಸದಿಯ ಟ್ರಸ್ಟಿಗೆ ಇಪ್ಪತ್ತೆರಡು ವರ್ಷಗಳಿಂದ ಅವರೇ ಕೋಶಾಧಿಕಾರಿ. ಭಂಡಾರದ ಬೀಗದ ಕೈ ಅವರ ಉಡಿದಾರಕ್ಕೆ ಸದಾ ತೂಗುತ್ತಿತ್ತು. ಸ್ನಾನಕ್ಕೂ ನಿದ್ರೆಗೂ ಅದು ಅವರನ್ನು ಬಿಡುತ್ತಿರಲಿಲ್ಲ. ಇಷ್ಟು ವರ್ಷಗಳಲ್ಲಿ ಒಂದು ಪೈಸೆಯ ವ್ಯತ್ಯಾಸ ಬಂದುದಿಲ್ಲವೆಂಬುದು ಊರಿಗೆಲ್ಲ ತಿಳಿದ ಸಂಗತಿ.

ಒಂದು ಭಾದ್ರಪದದಲ್ಲಿ ದಶಲಕ್ಷಣ ಪರ್ವ ನಡೆದಿರುವಾಗಲೇ ಅವರಿಗೆ ಜ್ವರ ಏರಿ ಪಕ್ಕದ ನಗರದ ಆಸ್ಪತ್ರೆಗೆ ಸೇರಬೇಕಾಯಿತು. ಬೀಗದ ಕೈಯೂ ಅವರ ಜೊತೆಯಲ್ಲೇ ಹೋಯಿತು. ಅನಂತ ಚತುರ್ದಶಿಯ ಅಭಿಷೇಕಕ್ಕೆ ಬೆಳ್ಳಿಯ ಕಲಶಗಳು ಬೇಕಾಗಿದ್ದವು, ಭಂಡಾರ ತೆರೆಯುವವರಿಲ್ಲ. ಉಪಾಧ್ಯೆಯವರು ಹಿತ್ತಾಳೆಯ ಕಲಶಗಳಿಂದಲೇ ಅಭಿಷೇಕ ನೆರವೇರಿಸಿದರು. ಪೂಜೆಗೇನೂ ಕುಂದು ಬರಲಿಲ್ಲ. ಆದರೆ ಮುಂದಿನ ಸಭೆಯಲ್ಲಿ ಕಿರಿಯ ವಿಶ್ವಸ್ತರು, ಇನ್ನು ಮೇಲೆ ಬೀಗದ ಕೈ ಎರಡಿರಲಿ, ಲೆಕ್ಕ ಕಂಪ್ಯೂಟರಿಗೆ ಬರಲಿ, ಚೆಕ್ಕಿಗೆ ಇಬ್ಬರ ಸಹಿ ಇರಲಿ ಎಂದು ವಿನಯದಿಂದಲೇ ಸೂಚಿಸಿದರು. ಹಿರಿಯರಿಗೆ ಅದು ಸೂಚನೆಯಾಗಿ ಕೇಳಿಸಲಿಲ್ಲ, ಸಂಶಯವಾಗಿ ಕೇಳಿಸಿತು. ಉತ್ತರ ಕೊಡದೆ ಎದ್ದು ಬಂದರು. ಉಪಾಧ್ಯೆಯವರು ಒಂದು ಫೋನು ಮಾಡಿದ್ದರೆ ಕೈ ಕಳಿಸುತ್ತಿರಲಿಲ್ಲವೇ ಎಂದು ಮನೆಯಲ್ಲಿ ಎರಡು ದಿನ ಸಿಡುಕಿದರು.

ಆ ವಾರದ ಭಾನುವಾರ ಮಧ್ಯಾಹ್ನ, ಒಂಬತ್ತನೆಯ ತರಗತಿಯ ಮೊಮ್ಮಗಳು ಇಂಗ್ಲಿಷ್ ಪುಸ್ತಕ ಹಿಡಿದು ಅಂಗಡಿಗೆ ಬಂದಳು. ಫಾಸನ್, ಗ್ರಿಪ್, ಗ್ರಾಸ್ಪ್, ಕ್ಲಾಸ್ಪ್, ಕ್ಲಚ್, ಕ್ಲಿಂಗ್, ಹೋಲ್ಡ್, ಅಟ್ಯಾಚ್, ಬೈಂಡ್, ಸೀಜ್ ಎಂಬ ಹತ್ತು ಕ್ರಿಯಾಪದಗಳು. ಒಂದೊಂದಕ್ಕೂ ಒಂದು ಸ್ವಂತ ವಾಕ್ಯ ಬರೆಯಬೇಕಾಗಿತ್ತು.

“ಅಜ್ಜಾ, ಇವೆಲ್ಲಾ ಹಿಡಿಯೋದು ಅಂತನ ಅಲ್ಲೇನ್ರಿ? ಒಂದಕ್ಕ ಹತ್ತು ಶಬ್ದ ಯಾಕ ಬೇಕು?”

“ಅಂಗಡ್ಯಾಗ ಮೊಳಿನೂ ಐತಿ, ಬೋಲ್ಟೂ ಐತಿ. ಎರಡೂ ಹಿಡೀತಾವ. ಒಂದು ಕೇಳಿದ್ರ ಇನ್ನೊಂದು ಕೊಟ್ಟರ ಗಿರಾಕಿ ಒಯ್ತಾನೇನವ್ವಾ?” ಎಂದು ಅವರು ನಕ್ಕರು. ಸಭೆಯ ನಂತರ ಅವರು ನಕ್ಕದ್ದು ಅದೇ ಮೊದಲು.

ಗಲ್ಲೆಯ ಮೇಲೆ ಮೊಳೆ, ಸ್ಕ್ರೂ, ಬೋಲ್ಟು, ರಿವೆಟ್ಟುಗಳನ್ನು ಸಾಲಾಗಿ ಇಟ್ಟು ಪಾಠ ಆರಂಭವಾಯಿತು. ಮೊಳೆ ಮರದ ಎಳೆಗಳನ್ನು ಸರಿಸಿ ಒಳಗೆ ಕೂರುತ್ತದೆ. ಕಿತ್ತರೆ ತೂತು ಉಳಿಯುತ್ತದೆ. ಸ್ಕ್ರೂ ತಿರುಗಿಸಿದಂತೆ ಬಿಗಿಯುತ್ತದೆ, ಹಿಂದಕ್ಕೆ ತಿರುಗಿಸಿದರೆ ಬರುತ್ತದೆ. ರಿವೆಟ್ಟಿನ ಇನ್ನೊಂದು ತುದಿಯನ್ನು ಬಡಿದು ತಲೆ ಮಾಡುವುದರಿಂದ ಅದು ಮತ್ತೆ ಬಿಡುವುದಿಲ್ಲ; ಬಿಡಿಸಬೇಕಾದರೆ ಕತ್ತರಿಸಲೇಬೇಕು. ಬೋಲ್ಟು ಇವೆಲ್ಲಕ್ಕಿಂತ ಭಿನ್ನ. ಲಾರಿಯ ಭಾರವನ್ನೂ ಹಿಡಿದು ನಿಲ್ಲಬಲ್ಲುದು, ಆದರೆ ಸರಿಯಾದ ಪಾನಾ ಹಾಕಿದರೆ ಯಾವ ವಸ್ತುವಿಗೂ ಗಾಯವಾಗದಂತೆ ಬಿಚ್ಚಿಕೊಳ್ಳುತ್ತದೆ. ಬಿಗಿತಕ್ಕೂ ಬಿಚ್ಚುವಿಕೆಗೂ ಒಂದೇ ವಸ್ತುವಿನಲ್ಲಿ ಎಡೆಯಿರುವುದು ಅದರ ಗುಣ.

ವಸ್ತುಗಳ ನಂತರ ಶಬ್ದಗಳ ಸರದಿ. ಗ್ರಿಪ್ ಎಂದರೆ ಬಲದಿಂದ ಹಿಡಿಯುವುದು, ಸುತ್ತಿಗೆಯ ಕಾವನ್ನು ಹಿಡಿದಂತೆ. ಮಕ್ಕಳ ಹೊಟ್ಟೆನೋವಿಗೆ ಮನೆಮನೆಯಲ್ಲಿ ಕೊಡುತ್ತಿದ್ದ ಗ್ರೈಪ್ ವಾಟರಿನ ‘ಗ್ರೈಪ್’ ಇದರ ಒಡಹುಟ್ಟು. ಕರುಳನ್ನು ಯಾರೋ ಮುಷ್ಟಿಯಲ್ಲಿ ಹಿಂಡಿದಂತಹ ನೋವೆಂದು ಅದರ ಅರ್ಥ. ಕ್ಲಾಸ್ಪ್ ಎಂದರೆ ಸುತ್ತುವರಿದು ಸೇರಿಸುವುದು. ಸರದ ಕೊಂಡಿಗೂ ಅದೇ ಹೆಸರು, ಕೈಗೆ ಕೈ ಹೆಣೆಯುವುದಕ್ಕೂ ಅದೇ. ಕ್ಲಚ್ ಎಂದರೆ ಕಳೆದುಹೋದೀತೆಂಬ ಭಯದಿಂದ ಬೆರಳು ಮಡಿಚಿ ಅವಚಿಕೊಳ್ಳುವುದು. ಸಂತೆಯಲ್ಲಿ ಮುದುಕಿಯೊಬ್ಬಳು ಹಣದ ಚೀಲವನ್ನು ಹಿಡಿದಿರುವಂತೆ. ಕ್ಲಿಂಗ್ ಎಂದರೆ ಜೋತುಬೀಳುವುದು, ಮಗು ತಾಯಿಯ ಸೆರಗಿಗೆ ಅಂಟಿಕೊಂಡಂತೆ. ಹೋಲ್ಡ್ ಎಂಬುದರಲ್ಲಿ ಬಲವೂ ಇಲ್ಲ, ಭಯವೂ ಇಲ್ಲ, ಕೈಯಲ್ಲಿದೆ ಎಂದಷ್ಟೇ.

ಕನ್ನಡದಲ್ಲಿಯೂ ಅಪ್ಪು, ತಬ್ಬು, ಅವಚು, ಬಿಗಿ, ಕಟ್ಟು, ಅಂಟು, ಕಚ್ಚು ಮುಂತಾಗಿ ಶಬ್ದಗಳಿಗೆ ಬಡತನವಿಲ್ಲ. ಆದರೆ ‘ಹಿಡಿ’ ಎಂಬ ಒಂದೇ ಧಾತು ಇವೆಲ್ಲವುಗಳ ಕೆಲಸವನ್ನೂ ಮಾಡುತ್ತದೆ. ದಾರಿ ಹಿಡಿಯುತ್ತೇವೆ, ವ್ರತ ಹಿಡಿಯುತ್ತೇವೆ, ಹಟ ಹಿಡಿಯುತ್ತೇವೆ, ಮದುವೆಯಲ್ಲಿ ಕೈ ಹಿಡಿಯುತ್ತೇವೆ. ಇದಕ್ಕಿಂತ ಸ್ವಾರಸ್ಯದ ಸಂಗತಿಯೆಂದರೆ ಕನ್ನಡದಲ್ಲಿ ಮನುಷ್ಯ ವಸ್ತುವನ್ನು ಹಿಡಿಯುವಂತೆ ವಸ್ತುವೂ ಮನುಷ್ಯನನ್ನು ಹಿಡಿಯುತ್ತದೆ. ಹುಚ್ಚು ಹಿಡಿಯಿತು, ಚಳಿ ಹಿಡಿಯಿತು, ಗ್ರಹ ಹಿಡಿಯಿತು, ತುಕ್ಕು ಹಿಡಿಯಿತು ಎನ್ನುತ್ತೇವೆ. ‘ಗ್ರಹ’ ಎಂಬ ಶಬ್ದಕ್ಕೇ ಹಿಡಿಯುವುದು ಎಂದರ್ಥ. ‘ಪರಿಗ್ರಹ’ ಎಂದರೆ ಸುತ್ತಲೂ ಹಿಡಿಯುವುದು. ಯಾರು ಯಾರನ್ನು ಸುತ್ತಲೂ ಹಿಡಿದಿದ್ದಾರೆಂಬ ಪ್ರಶ್ನೆಯನ್ನು ಕನ್ನಡ ಬಲ್ಲವನು ಕೇಳಿಕೊಳ್ಳಲೇಬೇಕಾಗುತ್ತದೆ.

ಹುಡುಗಿ ಒಂದು ಗಂಟೆ ಕುಳಿತು ಹತ್ತೂ ವಾಕ್ಯಗಳನ್ನು ಬರೆದು ತೋರಿಸಿದಳು. ಅಜ್ಜ ಒಂದೊಂದಾಗಿ ಓದುತ್ತ ಬಂದು ಐದನೆಯದರಲ್ಲಿ ನಿಂತರು. ‘ನನ್ನ ಅಜ್ಜ ಬಸದಿಯ ಬೀಗದ ಕೈಗಳನ್ನು ಹಿಡಿದಿರುತ್ತಾರೆ’ ಎಂಬ ಅರ್ಥದ ವಾಕ್ಯ; ಆದರೆ ‘ಹಿಡಿ’ ಎಂಬಲ್ಲಿ ಅವಳು ಬಳಸಿದ್ದ ಕ್ರಿಯಾಪದ ‘ಕ್ಲಚ್’.

“ಇಲ್ಲಿ ಹೋಲ್ಡ್ ಬರಬೇಕವ್ವಾ.”

“ಹೋಲ್ಡ್‌ಗೆ ಬ್ಯಾರೇ ವಾಕ್ಯ ಬರದೇನ್ರಿ. ನೀವು ಮಲಗಿದಾಗನೂ ಮುಷ್ಟಿಯಾಗ ಹಿಡ್ಕೊಂಡಿರ್ತೀರಲ್ಲಾ, ಅದಕ್ಕ ಕ್ಲಚ್ ಅಂತ ಹಾಕೀನಿ. ತಪ್ಪಾತೇನ್ರಿ?”

ಅವಳ ಮಾತಿನಲ್ಲಿ ಕುಹಕವಿರಲಿಲ್ಲ, ಕಂಡದ್ದನ್ನು ಬರೆದಿದ್ದಳು. ವ್ಯಾಕರಣದಲ್ಲಿಯೂ ತಪ್ಪಿರಲಿಲ್ಲ. ಅಜ್ಜ ಪುಸ್ತಕ ಮುಚ್ಚಿ ಕೊಟ್ಟರು.

ಆ ರಾತ್ರಿ ಸ್ವಾಧ್ಯಾಯದ ಹೊತ್ತಿಗೆ ಅವರು ಶಾಸ್ತ್ರದ ಬದಲು, ಕಾಲೇಜಿನ ದಿನಗಳಲ್ಲಿ ಕೊಂಡ ಇಂಗ್ಲಿಷ್ ಪದನಿಷ್ಪತ್ತಿಯ ಕೋಶವನ್ನು ಕಪಾಟಿನಿಂದ ಇಳಿಸಿದರು. ಹತ್ತು ಶಬ್ದಗಳ ಮೂಲವನ್ನು ಹುಡುಕುತ್ತ ಹೋದಂತೆ ಅವರಿಗೆ ಕಂಡ ಸಂಗತಿಗಳು ಹೀಗಿವೆ.

ಫಾಸನ್ ಎಂಬುದು ‘ಫಾಸ್ಟ್’ ಎಂಬ ಶಬ್ದದಿಂದ ಬಂದುದು. ಫಾಸ್ಟ್ ಎಂದರೆ ಈಗ ಎಲ್ಲರಿಗೂ ವೇಗವೆಂದೇ ತಿಳಿದಿದೆ. ಆದರೆ ಹಳೆಯ ಇಂಗ್ಲಿಷಿನಲ್ಲಿ ಅದರ ಅರ್ಥ ‘ದೃಢವಾದ, ಅಲುಗಾಡದ’ ಎಂದು. ಸೀರೆಯ ಅಂಗಡಿಯಲ್ಲಿ ‘ಫಾಸ್ಟ್ ಕಲರ್’ ಎನ್ನುವಾಗ ಆ ಹಳೆಯ ಅರ್ಥ ಇನ್ನೂ ಜೀವಂತವಾಗಿದೆ. ದೃಢವಾಗಿ ಓಡುವುದು, ಜೋರಾಗಿ ಓಡುವುದು ಎಂದು ಅರ್ಥ ಜರುಗುತ್ತ ವೇಗದವರೆಗೆ ಬಂದಿದೆ. ಉಪವಾಸಕ್ಕೂ ಇಂಗ್ಲಿಷಿನಲ್ಲಿ ಫಾಸ್ಟ್ ಎನ್ನುವರಷ್ಟೆ. ಅದೂ ಇದೇ ಮೂಲದ್ದು, ನಿಯಮವನ್ನು ದೃಢವಾಗಿ ಹಿಡಿದು ನಿಲ್ಲುವುದೆಂಬ ಭಾವದಿಂದ ಹುಟ್ಟಿದ್ದು. ಬೆಳಗಿನ ತಿಂಡಿಗೆ ‘ಬ್ರೇಕ್‌ಫಾಸ್ಟ್’ ಎಂದು ಹೆಸರು ಬಂದುದು ರಾತ್ರಿಯ ನಿರಾಹಾರವನ್ನು ಅಲ್ಲಿ ಮುರಿಯುವುದರಿಂದ. ಅಂದರೆ ಅದು ನಿತ್ಯದ ಪಾರಣೆ. ಅನ್ನವನ್ನು ಬಿಟ್ಟವನನ್ನು ಈ ಭಾಷೆ ‘ಹಿಡಿದವನು’ ಎಂದು ಕರೆದಿದೆ! ಬಿಡುವುದಕ್ಕೂ ಒಂದು ಹಿಡಿತ ಬೇಕೆಂಬುದನ್ನು ಉಪವಾಸ ಮಾಡಿ ಬಲ್ಲವರಿಗೆ ವಿವರಿಸಬೇಕಾಗಿಲ್ಲ. ‘ಅಬ್‌ಸ್ಟೇನ್’ ಎಂಬ ಇನ್ನೊಂದು ಶಬ್ದವೂ ಹಾಗೆಯೇ. ಲ್ಯಾಟಿನ್ನಿನಲ್ಲಿ ಹಿಡಿಯುವುದೆಂಬ ಧಾತುವಿಗೆ ‘ದೂರ’ ಎಂಬ ಉಪಸರ್ಗ ಸೇರಿ ಅದು ಆಗಿದೆ. ತನ್ನನ್ನು ತಾನು ದೂರ ಹಿಡಿದುಕೊಳ್ಳುವುದೇ ವರ್ಜನೆ.

ಹೋಲ್ಡ್ ಶಬ್ದದ ಚರಿತ್ರೆ ಅವರನ್ನು ಬಹಳ ಹೊತ್ತು ನಿಲ್ಲಿಸಿತು. ಇಂಗ್ಲಿಷಿಗೆ ಬಂಧುವಾದ ಪ್ರಾಚೀನ ಗಾಥಿಕ್ ಭಾಷೆಯಲ್ಲಿ ಈ ಶಬ್ದಕ್ಕೆ ದನಕರುಗಳನ್ನು ಮೇಯಿಸಿ ಕಾಯುವುದೆಂಬ ಅರ್ಥವಿದೆ. ಮೂಲದಲ್ಲಿ ಅದು ಒಡೆಯನ ಶಬ್ದವಾಗಿರದೆ ಗೋವಳನ ಶಬ್ದವಾಗಿದ್ದಿತೆಂದು ವಿದ್ವಾಂಸರ ಅಭಿಪ್ರಾಯ. ಗೋವಳ ಹಸುವನ್ನು ಮುಷ್ಟಿಯಲ್ಲಿ ಹಿಡಿಯುವುದಿಲ್ಲ. ಅದರ ಸಮೀಪದಲ್ಲಿರುತ್ತಾನೆ, ಕಣ್ಣಿಟ್ಟಿರುತ್ತಾನೆ, ಸಂಜೆ ಹಟ್ಟಿಗೆ ಮರಳಿಸುತ್ತಾನೆ.

ಕ್ಲಿಂಗ್ ಎಂಬುದಕ್ಕೆ ಹಳೆಯ ಇಂಗ್ಲಿಷಿನಲ್ಲಿ ಅಂಟಿಕೊಳ್ಳುವುದೆಂಬುದಕ್ಕಿಂತ ಮುಂಚಿನ ಅರ್ಥ ಕುಗ್ಗುವುದು, ಒಣಗಿ ಸುಕ್ಕುಗಟ್ಟುವುದು ಎಂದು. ‘ಕಾಂಪ್ರಿಹೆಂಡ್’ ಎಂದರೆ ಗ್ರಹಿಸುವುದು, ‘ಪ್ರಿಸನ್’ ಎಂದರೆ ಸೆರೆಮನೆ. ಎರಡೂ ಹಿಡಿಯುವುದೆಂಬ ಒಂದೇ ಲ್ಯಾಟಿನ್ ಧಾತುವಿನ ಮಕ್ಕಳು. ಕೈ ಹಿಡಿದದ್ದು ಜ್ಞಾನವೂ ಆದೀತು, ಸೆರೆಯೂ ಆದೀತು.

ಬೈಂಡ್ ಎಂಬುದಂತೂ ಪರಭಾಷೆಯ ಶಬ್ದವೆಂದು ಹೇಳುವುದೇ ಕಷ್ಟ. ಅದು ಸಂಸ್ಕೃತದ ‘ಬಂಧ’ ಧಾತುವಿನ ಸೋದರ. 1786ರಲ್ಲಿ ಸರ್ ವಿಲಿಯಂ ಜೋನ್ಸ್ ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯಲ್ಲಿ ಮಾತನಾಡುತ್ತ, ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳ ಧಾತುಗಳಲ್ಲಿಯೂ ವ್ಯಾಕರಣದಲ್ಲಿಯೂ ಇರುವ ಸಾಮ್ಯ ಆಕಸ್ಮಿಕವಾಗಿರಲಾರದೆಂದು ಸಾರಿದರು. ಆ ಭಾಷಾ ಕುಟುಂಬಕ್ಕೆ ಇಂಗ್ಲಿಷೂ ಸೇರಿದ್ದು. ಕರ್ಮಬಂಧದ ‘ಬಂಧ’ವೂ ಪುಸ್ತಕದ ಬೈಂಡಿಂಗೂ ಒಂದೇ ಬೇರಿನವೆಂದು ತಿಳಿದಾಗ, ‘ನಿರ್ಗ್ರಂಥ’ ಎಂಬ ಶಬ್ದವೂ ಅವರಿಗೆ ನೆನಪಾಯಿತು. ಗ್ರಂಥವೆಂದರೆ ಗಂಟು; ಗಂಟಿಲ್ಲದವನೇ ನಿರ್ಗ್ರಂಥ.

ಅಟ್ಯಾಚ್ ಎಂಬುದರ ಮೂಲ ಫ್ರೆಂಚ್. ಗೂಟಕ್ಕೆ ಕಟ್ಟುವುದೆಂದು ಅರ್ಥ. ಮೇಲೆ ಬಿದ್ದು ಹೊಡೆಯುವುದಕ್ಕೆ ಹೇಳುವ ‘ಅಟ್ಯಾಕ್’ ಇದರ ಅವಳಿ. ಬಿ.ಕಾಂ. ಓದುವಾಗ ಅವರು ಈ ಶಬ್ದವನ್ನು ಮೊದಲು ಕಂಡದ್ದು ಕಾನೂನಿನಲ್ಲಿ: ಸಾಲ ತೀರಿಸದವನ ಸೊತ್ತನ್ನು ನ್ಯಾಯಾಲಯ ಜಪ್ತಿ ಮಾಡುವುದಕ್ಕೆ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ‘ಅಟ್ಯಾಚ್‌ಮೆಂಟ್’ ಎಂದು ಹೆಸರು. ಅದೇ ಶಬ್ದವನ್ನು ಎರಡನೆಯ ಬಾರಿ ಕಂಡದ್ದು ಆಗಮದ ಅನುವಾದದಲ್ಲಿ. ಜರ್ಮನ್ ವಿದ್ವಾಂಸ ಹರ್ಮನ್ ಯಾಕೋಬಿ 1884ರಲ್ಲಿ ಪ್ರಕಟಿಸಿದ ಆಚಾರಾಂಗದ ಇಂಗ್ಲಿಷ್ ಅನುವಾದದಲ್ಲಿ ಐದನೆಯ ಮಹಾವ್ರತವನ್ನು ಹೇಳುವಾಗ ಪರಿಗ್ರಹಕ್ಕೆ ಈ ಅಟ್ಯಾಚ್‌ಮೆಂಟ್ ಎಂಬುದನ್ನೇ ಆರಿಸಿಕೊಂಡಿದ್ದಾರೆ. ಅಮೀನನು ಮನೆಯ ಬಾಗಿಲಿಗೆ ಹಚ್ಚುವ ಜಪ್ತಿಯ ಕಾಗದಕ್ಕೂ ಜೀವವನ್ನು ಸಂಸಾರಕ್ಕೆ ಕಟ್ಟುವ ಮಮತೆಗೂ ಒಂದೇ ಹೆಸರು! ಮೊದಲಿನದರಲ್ಲಿ ಸೊತ್ತು ಜಪ್ತಿಯಾಗುತ್ತದೆ. ಎರಡನೆಯದರಲ್ಲಿ ಸೊತ್ತಿನವನೇ ಜಪ್ತಿಯಾಗುತ್ತಾನೆ.

ಇಷ್ಟು ಓದಿದ ಮೇಲೆ ಅವರು ತಮ್ಮ ಪರಿಗ್ರಹ ಪರಿಮಾಣದ ಚಿಕ್ಕ ಪುಸ್ತಕವನ್ನು ತೆರೆದರು. ಕ್ಷೇತ್ರ, ವಾಸ್ತು, ಹಿರಣ್ಯ, ಸುವರ್ಣಾದಿ ಹತ್ತು ಬಾಹ್ಯ ಪರಿಗ್ರಹಗಳ ಕಲಮುಗಳೂ ಅಲ್ಲಿದ್ದವು. ಬಸದಿಯ ಬೀಗದ ಕೈ ಮಾತ್ರ ಎಲ್ಲಿಯೂ ಇರಲಿಲ್ಲ. ಇರಬೇಕಾದ ಕಾರಣವೂ ಇರಲಿಲ್ಲ. ಅದು ಅವರ ಸೊತ್ತಲ್ಲ, ದೇವದ್ರವ್ಯದ ಬೀಗ. ತನ್ನದಲ್ಲದ ವಸ್ತು ತನಗೆ ಪರಿಗ್ರಹವಾಗಲಾರದೆಂದು ಇಪ್ಪತ್ತೆರಡು ವರ್ಷ ಅವರು ನಿಶ್ಚಿಂತರಾಗಿದ್ದರು. ಆದರೆ ಬಾಹ್ಯ ಪರಿಗ್ರಹಗಳು ಹತ್ತಾದರೆ ಅಂತರಂಗದ ಪರಿಗ್ರಹಗಳು ಹದಿನಾಲ್ಕು: ಮಿಥ್ಯಾತ್ವವೊಂದು, ಕ್ರೋಧ, ಮಾನ, ಮಾಯೆ, ಲೋಭಗಳೆಂಬ ಕಷಾಯಗಳು ನಾಲ್ಕು, ಹಾಸ್ಯಾದಿ ನೋಕಷಾಯಗಳು ಒಂಬತ್ತು. ವಸ್ತುವಿನ ಒಡೆತನವನ್ನು ಹೇಳದೆ ಮೂರ್ಛೆಯನ್ನೇ ಪರಿಗ್ರಹದ ಲಕ್ಷಣವೆಂದು ತತ್ತ್ವಾರ್ಥಸೂತ್ರ ಹೇಳಿದ್ದನ್ನು ಅವರು ಎಷ್ಟೋ ಸಲ ಪ್ರವಚನದಲ್ಲಿ ಕೇಳಿದ್ದರು, ಸ್ವತಃ ನಾಲ್ಕು ಜನರಿಗೆ ಹೇಳಿಯೂ ಇದ್ದರು. ಯಾವನ ಹೆಸರಿನಲ್ಲಿದೆ ಎಂಬುದು ಕಂದಾಯ ಇಲಾಖೆಯ ಪ್ರಶ್ನೆ. ಯಾವ ಕೈ ಬಿಡಲಾರದು ಎಂಬುದು ಶಾಸ್ತ್ರದ ಪ್ರಶ್ನೆ. ಅವರ ಪುಸ್ತಕದಲ್ಲಿ ಮೊದಲಿನದಕ್ಕೆ ಮಾತ್ರ ಉತ್ತರವಿತ್ತು.

ಕಷಾಯಕ್ಕೂ ಹಿಡಿತಕ್ಕೂ ಇರುವ ನಂಟನ್ನು ಪೂರ್ವಾಚಾರ್ಯರು ಬಹು ಸೂಕ್ಷ್ಮವಾಗಿ ಗುರುತಿಸಿದ್ದಾರೆ. ಆಲ ಮೊದಲಾದ ಮರಗಳ ಒಗರು ರಸ ಹೇಗೆ ಅಂಟಿಗೆ ಕಾರಣವೋ ಹಾಗೆಯೇ ಕ್ರೋಧಾದಿಗಳು ಆತ್ಮಕ್ಕೆ ಕರ್ಮ ಅಂಟಲು ಕಾರಣ, ಆದುದರಿಂದಲೇ ಅವುಗಳಿಗೆ ಕಷಾಯವೆಂದು ಹೆಸರು ಎಂಬುದು ಪೂಜ್ಯಪಾದರ ಸರ್ವಾರ್ಥಸಿದ್ಧಿಯ ವಿವರಣೆ. ಬಣ್ಣಗಾರರು ಪಟಿಕ ಮೊದಲಾದವುಗಳಲ್ಲಿ ಬಟ್ಟೆಯನ್ನು ಅದ್ದಿ ಬಣ್ಣ ನಿಲ್ಲುವಂತೆ ಮಾಡುತ್ತಾರಲ್ಲವೆ? ಅಂತಹ ದ್ರವ್ಯಕ್ಕೆ ಇಂಗ್ಲಿಷಿನಲ್ಲಿ ‘ಮಾರ್ಡಂಟ್’ ಎನ್ನುವರು. ಕಚ್ಚುವಂಥದು ಎಂದು ಅದರ ಮೂಲಾರ್ಥ. ಹತ್ತನೆಯ ಶತಮಾನದಲ್ಲಿ ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಗೊಮ್ಮಟಸಾರದಲ್ಲಿ ಲೋಭವನ್ನು ನಾಲ್ಕು ತರದ ಕಲೆಗಳಿಗೆ ಹೋಲಿಸಿದ್ದಾರೆ. ಕೃಮಿಯಿಂದ ತೆಗೆದ ಕೆಂಬಣ್ಣ ಬಟ್ಟೆ ಹರಿದರೂ ಹೋಗದು. ಗಾಡಿಯ ಅಚ್ಚಿನ ಮಸಿ ಬಹು ಕಷ್ಟದಿಂದ ಹೋಗುತ್ತದೆ. ಮೈಯ ಕೊಳೆ ತೊಳೆದರೆ ಹೋಗುತ್ತದೆ. ಅರಿಸಿನದ ಬಣ್ಣ ಬಿಸಿಲಿಗೆ ತಾನೇ ಮಾಸುತ್ತದೆ. ಮೊದಲನೆಯದು ನರಕಕ್ಕೆ, ಕೊನೆಯದು ದೇವಗತಿಗೆ ಕಾರಣವೆಂದು ಆಚಾರ್ಯರ ನಿರ್ಣಯ. ಬಣ್ಣ ಯಾವುದೆಂಬುದಕ್ಕಿಂತ ಬಿಡಿಸಲು ಎಷ್ಟು ತೊಳೆಯಬೇಕೆಂಬುದೇ ಇಲ್ಲಿ ಅಳತೆಗೋಲು.

ಗಲ್ಲೆಯ ಮೇಲೆ ಮಧ್ಯಾಹ್ನ ತಾವೇ ಜೋಡಿಸಿಟ್ಟ ಮೊಳೆ, ಬೋಲ್ಟು, ರಿವೆಟ್ಟುಗಳ ಸಾಲು ಇದೇ ಪಾಠದ ಕಬ್ಬಿಣದ ರೂಪವೆಂದು ಅವರಿಗೆ ಆಗ ಹೊಳೆಯಿತು. ತಮ್ಮ ಅಧಿಕಾರವನ್ನು ಅವರು ಬೋಲ್ಟೆಂದೇ ತಿಳಿದಿದ್ದರು. ಬೇಕಾದಾಗ ಬಿಚ್ಚಬಹುದು, ಯಾರೂ ಕೇಳಲಿಲ್ಲವಾದ್ದರಿಂದ ಬಿಚ್ಚಲಿಲ್ಲ. ಆದರೆ ಬಹುಕಾಲ ಬಿಚ್ಚದೆ ಬಿಟ್ಟ ಬೋಲ್ಟಿನ ಗತಿ ಏನೆಂಬುದು ಕಬ್ಬಿಣದ ವ್ಯಾಪಾರಿಗೆ ಹೇಳಿಕೊಡಬೇಕೆ? ನಟ್ಟಿಗೂ ಬೋಲ್ಟಿಗೂ ನಡುವೆ ತುಕ್ಕು ಹಿಡಿದು ಎರಡೂ ಒಂದಾಗಿಬಿಡುತ್ತವೆ. ಪಾನಾ ಹಾಕಿದರೆ ಮೂಲೆ ಸವೆಯುತ್ತದೆಯೇ ಹೊರತು ನಟ್ಟು ಅಲುಗುವುದಿಲ್ಲ. ಬಿಚ್ಚಲೆಂದೇ ಮಾಡಿದ ವಸ್ತು ಕಡೆಗೆ ರಿವೆಟ್ಟಿನಂತೆ ಕತ್ತರಿಸಿಯೇ ಹೋಗಬೇಕಾಗುತ್ತದೆ.

ಇನ್ನೂ ಒಂದು ಸಂಗತಿಯನ್ನು ಅವರು ತಮ್ಮಲ್ಲಿಯೇ ಒಪ್ಪಿಕೊಳ್ಳಬೇಕಾಯಿತು. 1930ರ ಸರಕು ಮಾರಾಟ ಕಾಯಿದೆಯಲ್ಲಿ ಹಣ ಸಲ್ಲದ ಮಾರಾಟಗಾರನಿಗೆ ‘ಲೀನ್’ ಎಂಬ ಒಂದು ಹಕ್ಕುಂಟು. ಕಟ್ಟು ಎಂಬರ್ಥದ ಲ್ಯಾಟಿನ್ ಶಬ್ದವೇ ಫ್ರೆಂಚಿನ ಮೂಲಕ ಹಾಗಾಗಿದೆ. ಸರಕು ಮಾರಿ ಆಗಿದ್ದರೂ ಬೆಲೆ ಕೈಸೇರುವ ತನಕ ಮಾರಿದವನು ಅದನ್ನು ತನ್ನಲ್ಲೇ ಇಟ್ಟುಕೊಳ್ಳಬಹುದು; ಒಮ್ಮೆ ಕೊಟ್ಟುಬಿಟ್ಟರೆ ಆ ಹಕ್ಕು ಹೋಯಿತು. ಇಪ್ಪತ್ತೆರಡು ವರ್ಷಗಳ ಸೇವೆಗೆ ಅವರು ಒಂದು ಪೈಸೆಯನ್ನೂ ಪಡೆದಿರಲಿಲ್ಲ. ಆದರೆ ಬೆಲೆ ಬೇಡವೆಂದೂ ಇರಲಿಲ್ಲ. ಯಾರಾದರೊಬ್ಬರು ಎದ್ದು ನಿಂತು, ತಾವಿಲ್ಲದಿದ್ದರೆ ಈ ಬಸದಿಯ ಗತಿ ಏನಾಗುತ್ತಿತ್ತು ಎಂದು ಹೇಳಲಿ ಎಂಬ ಒಂದು ಬಾಕಿ ಮನಸ್ಸಿನ ಖಾತೆಯಲ್ಲಿ ಉಳಿದಿತ್ತು. ಆ ಬಾಕಿಗಾಗಿ ಬೀಗದ ಕೈಯನ್ನು ಅಡವಿನ ವಸ್ತುವಿನಂತೆ ಹಿಡಿದಿಟ್ಟಿದ್ದರು. ಹದಿನಾಲ್ಕರ ಪಟ್ಟಿಯಲ್ಲಿ ಇದು ಲೋಭದ ಕೆಳಗೆ ಬರಬೇಕೋ ಮಾನದ ಕೆಳಗೋ ಎಂದು ಯೋಚಿಸಿ, ಎರಡರ ಕೆಳಗೂ ಬರೆದುಕೊಂಡರು.

ಬೆಳಗಾದ ಮೇಲೆ ಅವರು ಮೊದಲು ಹೋದದ್ದು ಉಪಾಧ್ಯೆಯವರ ಮನೆಗೆ. “ತಪ್ಪು ನಂದ್ರಿ. ನಿಮ್ಮ ಮ್ಯಾಲೆ ಹಾಕಿದ್ದೆ, ಕ್ಷಮಾ ಮಾಡ್ರಿ” ಎಂದರು. ಪರ್ವದ ಕೊನೆಗೆ ಎಲ್ಲರೂ ಎಲ್ಲರಲ್ಲಿಯೂ ಕ್ಷಮೆ ಕೇಳುವ ಸಂಪ್ರದಾಯದಲ್ಲಿ ಆ ವರ್ಷ ಅವರ ಪಾಲಿನದು ಉಳಿದೇ ಇತ್ತು.

ಮುಂದಿನ ಸಭೆಯಲ್ಲಿ ಬೀಗದ ಕೈಯನ್ನು ಉಡಿದಾರದಿಂದ ಬಿಚ್ಚಿ ಮೇಜಿನ ಮೇಲೆ ಇಟ್ಟರು. ದಾರ ಬಿಗಿದು ಹೋಗಿದ್ದರಿಂದ ಬಿಚ್ಚಲು ಸ್ವಲ್ಪ ಹೊತ್ತು ಹಿಡಿಯಿತು, ಎಲ್ಲರೂ ಕಾದರು. ರಾಜೀನಾಮೆಯ ಭಾಷಣವನ್ನು ಅವರು ಮಾಡಲಿಲ್ಲ. ಬದಲಾಗಿ, ಕೋಶಾಧಿಕಾರಿಯ ಅವಧಿ ಮೂರು ವರ್ಷವೆಂದೂ ಭಂಡಾರದ ವಸ್ತುಗಳ ಯಾದಿಯನ್ನು ಪ್ರತಿ ವರ್ಷ ಇಬ್ಬರು ಸೇರಿ ತಪಾಸಿಸಬೇಕೆಂದೂ ಒಂದು ಠರಾವನ್ನು ತಾವೇ ಮಂಡಿಸಿದರು.

ಯಾದಿ ಬರೆಯಲು ಕುಳಿತಾಗ ಒಂದು ಹೊಸ ವಿಷಯ ಹೊರಬಿತ್ತು. ಹಣದ ಲೆಕ್ಕವೆಲ್ಲ ಪುಸ್ತಕದಲ್ಲಿದ್ದರೂ ವಸ್ತುಗಳ ಲೆಕ್ಕ ಬಹುಪಾಲು ಅವರ ನೆನಪಿನಲ್ಲಿ ಮಾತ್ರ ಇತ್ತು. ಈ ಹಿತ್ತಾಳೆಯ ದೀಪದ ಕಂಬ ಯಾವ ಮನೆತನದ್ದು, ಈ ಛತ್ರ ಯಾವ ಪಂಚಕಲ್ಯಾಣದಲ್ಲಿ ಬಂದದ್ದು, ಈ ಓಲೆಗರಿಯ ಕಟ್ಟನ್ನು ಯಾರು ತಂದಿಟ್ಟರು ಎಂಬುದು ಬೇರೆ ಯಾರಿಗೂ ತಿಳಿಯದು. ಆಸ್ಪತ್ರೆಯಿಂದ ಅವರು ಮರಳಿ ಬಾರದಿದ್ದರೆ ಅಷ್ಟೂ ಅವರೊಡನೆ ಹೋಗಿಬಿಡುತ್ತಿತ್ತು. ಕಳ್ಳರಿಂದ ಕಾಪಾಡಿದ ಭಂಡಾರವನ್ನು ಮರೆವಿನ ಬಾಯಿಗೆ ಇಟ್ಟಿದ್ದೆನಲ್ಲ ಎಂದು ಅವರಿಗೆ ನಡುಕ ಬಂದಿತು. ಹನ್ನೊಂದು ದಿನ ಕುಳಿತು, ನೆನಪಿದ್ದುದನ್ನೆಲ್ಲ ಹೇಳಿ ಬರೆಯಿಸಿದರು. ಬರೆದುಕೊಂಡವರು ಹೊಸ ಕೋಶಾಧಿಕಾರಿ, ಅವರ ಮಗನ ವಯಸ್ಸಿನವರು. ಆ ಹನ್ನೊಂದು ದಿನಗಳಲ್ಲಿ ಮಾಡಿದ ಸೇವೆ ಇಪ್ಪತ್ತೆರಡು ವರ್ಷಗಳದಕ್ಕಿಂತ ಕಡಿಮೆಯದಲ್ಲವೆಂದು ಆಮೇಲೆ ಅನೇಕರು ಹೇಳಿದರು.

ಬಿಟ್ಟದ್ದರಿಂದ ಕೂಡಲೇ ಶಾಂತಿ ದೊರಕಿತೆಂದು ಬರೆದರೆ ಅದು ಅಸತ್ಯವಾಗುತ್ತದೆ. ಮೊದಲ ಕೆಲವು ವಾರ ನಡುರಾತ್ರಿ ಎಚ್ಚರವಾದಾಗ ಅವರ ಕೈ ಸೊಂಟಕ್ಕೆ ಹೋಗಿ ಬರಿದಾ ಮರಳುತ್ತಿತ್ತು. ಕೈ ಉಜ್ಜಿದ ಜಾಗದಲ್ಲಿ ಚರ್ಮ ಕಪ್ಪಾಗಿ ಗಟ್ಟಿಯಾದ ಕಲೆ ಇನ್ನೂ ಇದೆ. ಬಸದಿಯಲ್ಲಿ ಭಂಡಾರದ ಬಾಗಿಲು ತೆರೆಯುವ ಸದ್ದು ಕೇಳಿದರೆ ತಲೆ ತಾನಾಗಿ ಅತ್ತ ತಿರುಗುತ್ತದೆ. ಅರಿಸಿನದ ಬಣ್ಣವಲ್ಲ, ಗಾಡಿಯ ಮಸಿ ಎಂದು ಅವರೇ ನಕ್ಕು ಹೇಳುತ್ತಾರೆ, ತೊಳೆಯುತ್ತಿರಬೇಕು.

ಮೊಮ್ಮಗಳು ಆ ವಾಕ್ಯವನ್ನು ತಿದ್ದಲೇ ಎಂದು ಕೇಳಿದಾಗ, ತಿದ್ದುವುದು ಬೇಡ, ಬರೆದ ದಿನ ಅದು ಸರಿಯಾಗಿಯೇ ಇತ್ತು ಎಂದರು.

ಕನ್ನಡದಲ್ಲಿ ‘ಕೈಬಿಡುವುದು’ ಎಂಬುದಕ್ಕೆ ತೊರೆಯುವುದು, ನಡುನೀರಿನಲ್ಲಿ ಬಿಡುವುದು ಎಂಬ ಅರ್ಥವೂ ಇದೆ. ಅಧಿಕಾರ ಬಿಟ್ಟರೆ ಬಸದಿಯನ್ನೇ ಕೈಬಿಟ್ಟಂತಾದೀತೆಂಬ ಭಯ ಅನೇಕ ಹಿರಿಯ ವಿಶ್ವಸ್ತರಲ್ಲಿರುವುದು ಸಹಜ. ಆ ಭಯದ ಹಿಂದೆ ನಿಜವಾದ ಭಕ್ತಿಯೂ ಇರುತ್ತದೆ. ಆದರೆ ಮುಷ್ಟಿ ಬಿಚ್ಚುವುದು ಬೇರೆ, ಕಾಳಜಿ ಬಿಡುವುದು ಬೇರೆ. ಗೋವಳನ ಹೋಲ್ಡ್ ಇವೆರಡರ ನಡುವಣ ದಾರಿ. ಈ ಹಿರಿಯರು ಈಗಲೂ ನಿತ್ಯ ಬಸದಿಗೆ ಹೋಗುತ್ತಾರೆ, ಕೇಳಿದರೆ ಸಲಹೆ ಕೊಡುತ್ತಾರೆ, ಕೇಳದಿದ್ದರೆ ದರ್ಶನ ಮಾಡಿ ಬರುತ್ತಾರೆ.

ಪರಿಗ್ರಹ ಪರಿಮಾಣ ವ್ರತ ಹಿಡಿದ ಶ್ರಾವಕ ಶ್ರಾವಿಕೆಯರು ವರ್ಷಕ್ಕೊಮ್ಮೆ ತಮ್ಮ ಯಾದಿಯನ್ನು ತೆರೆಯುವಾಗ, ತಮ್ಮ ಹೆಸರಿನಲ್ಲಿ ಇಲ್ಲದಿದ್ದರೂ ತಮ್ಮ ಮುಷ್ಟಿಯಲ್ಲಿರುವ ವಸ್ತುಗಳಿಗೆಂದು ಒಂದು ಪುಟವನ್ನು ಬಿಡುವುದು ಲೇಸು. ಬಸದಿಯ ಬೀಗದ ಕೈ, ಸಂಘದ ಅಧ್ಯಕ್ಷಪದ, ಮಗನಿಗೆ ಒಪ್ಪಿಸಿಯೂ ಒಪ್ಪಿಸದ ಅಂಗಡಿಯ ಗಲ್ಲೆ, ಸೊಸೆಗೆ ಬಿಟ್ಟುಕೊಡದ ಅಡುಗೆಮನೆ, ಹೀಗೆ ಒಬ್ಬೊಬ್ಬರಿಗೆ ಒಂದೊಂದು ಇರಬಹುದು. ಪ್ರತಿಯೊಂದರ ಎದುರಿಗೆ, ಅದನ್ನು ಬಿಡಿಸಲು ಪಾನಾ ಸಾಕೋ ಗರಗಸ ಬೇಕೋ ಎಂದು ಪ್ರಾಮಾಣಿಕವಾಗಿ ಬರೆದುಕೊಳ್ಳಬೇಕು. ಪಾನಾ ಇನ್ನೂ ಹಿಡಿಯುವಾಗಲೇ ಒಮ್ಮೆ ಬಿಚ್ಚಿ ನೋಡುವುದು ಕ್ಷೇಮ.